ಕತಾರ್‌ಗಾಮಿನ ಮಹಾಮಾರಿಯೂ ದಾದಿಯ ದಿನಚರಿಯೂ

1

ಗುಜರಾತಿನ ಸೂರತ್ ನಗರದ ಹೆಸರು ಕನ್ನಡಿಗರಿಗೆ ಹೊಸದಲ್ಲ. ಹಜ್ ಯಾತ್ರಿಕರ ಹಡಗುಗಳು ಹೊರಡುತ್ತಿದ್ದ ಮೊಗಲರ ಬಂದರಾಗಿ, 17ನೆಯ ಶತಮಾನದ ಆದಿಯಲ್ಲಿ ಇಂಗ್ಲಿಷ್ ವರ್ತಕರು ಕೋಠಿಯನ್ನು ತೆರೆದ ಸ್ಥಳವಾಗಿ, 1664ರಲ್ಲಿಯೂ 1670ರಲ್ಲಿಯೂ ಶಿವಾಜಿಯ ದಂಡು ಸೂರೆಗೊಂಡ ಸಿರಿವಂತ ಪಟ್ಟಣವಾಗಿ ಅದು ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿಯೇ ಪರಿಚಿತವಾಗಿರುತ್ತದೆ. ಆ ನಗರದ ಉತ್ತರಭಾಗದಲ್ಲಿ, ತಾಪಿ ನದಿಗೆ ಸಮೀಪವಾಗಿ, ಕತಾರ್‌ಗಾಮ್ ಎಂಬ ಪ್ರದೇಶವಿದೆ. ಗಾಮ್ ಎಂದರೆ ಗ್ರಾಮ. ಊರು ಬೆಳೆದು ಹಳ್ಳಿಯನ್ನು ನುಂಗಿದ ಮೇಲೆಯೂ ಹೆಸರಿನಲ್ಲಿ ಹಳ್ಳಿ ಉಳಿದುಕೊಂಡಿದೆ. ಚಳಿಗಾಲದಲ್ಲಿ ಸೂರತ್ತಿನವರು ಮಾಡುವ ಊಂಧಿಯು ಎಂಬ ಅಡಿಗೆಗೆ ಬೇಕಾದ ಪಾಪಡಿ, ಎಂದರೆ ನಮ್ಮ ಅವರೆಯ ಜಾತಿಗೆ ಸೇರಿದ ಕಾಯಿ, ಇಂದಿಗೂ ಕತಾರ್‌ಗಾಮಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹೊಲಗದ್ದೆಗಳ ನಡುವೆ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳೂ ಬಟ್ಟೆಯ ಮಗ್ಗಗಳೂ ಎದ್ದವು. ಸೌರಾಷ್ಟ್ರದಿಂದಲೂ ಮಹಾರಾಷ್ಟ್ರದ ಖಾನದೇಶದಿಂದಲೂ ಇನ್ನೂ ದೂರದ ಪ್ರಾಂತಗಳಿಂದಲೂ ಕೂಲಿಕಾರರು ಬಂದು ನೆಲಸಿದರು. 1991ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ ಸುಮಾರು 15 ಲಕ್ಷಕ್ಕೆ ಮುಟ್ಟಿತ್ತು. ಜನ ಬಂದಷ್ಟು ವೇಗವಾಗಿ ಚರಂಡಿಯೂ ನಲ್ಲಿಯೂ ಬರಲಿಲ್ಲ.

1994ರ ಸೆಪ್ಟೆಂಬರಿನಲ್ಲಿ ಕತಾರ್‌ಗಾಮಿನ ಹೆಸರು, ಅದಕ್ಕೆ ಹೊಂದಿದ ವೇಡ್ ರಸ್ತೆಯ ಹೆಸರಿನೊಡನೆ, ವೃತ್ತಪತ್ರಿಕೆಗಳ ಮೂಲಕ ದೂರದೇಶಗಳಿಗೂ ಹಬ್ಬಿತು. ಶ್ವಾಸಕೋಶದ ಪ್ಲೇಗು ಅಲ್ಲಿ ಕಾಣಿಸಿಕೊಂಡಿತೆಂಬುದೇ ಅದಕ್ಕೆ ಕಾರಣ. ಆ ವಿಪತ್ತನ್ನು ಕುರಿತು ಬರೆದವರು ನದಿಯ ನೆರೆಯನ್ನು ಬರೆದರು; ಊರಿನ ಕೊಳೆಯನ್ನೂ, ಇಲಿಗಳನ್ನೂ, ಟೆಟ್ರಾಸೈಕ್ಲಿನ್ ಗುಳಿಗೆಯನ್ನೂ, ರೈಲು ನಿಲ್ದಾಣಕ್ಕೆ ಮುತ್ತಿದ ಜನಸಂದಣಿಯನ್ನೂ ಬರೆದರು; ಅನಂತರ ಊರನ್ನು ಶುಚಿಗೊಳಿಸಿದ ಅಧಿಕಾರಿಯನ್ನು ಕುರಿತು ಬರೆದರು. ರೋಗಿಯ ಮಂಚದ ಪಕ್ಕದಲ್ಲಿ ಪಾಳಿಯ ಮೇಲೆ ನಿಂತ ದಾದಿಯ ಕೆಲಸ ಇಂತಹ ಬರಹಗಳಲ್ಲಿ ಒಂದೆರಡು ವಾಕ್ಯಗಳನ್ನು ಮೀರಿ ಬರುವುದು ಅಪರೂಪ. ಇದಕ್ಕೆ ಕಾರಣವಿಲ್ಲದಿಲ್ಲ. ಚರಿತ್ರೆಯು ಹೊಸದಾಗಿ ನಡೆದುದನ್ನು ಹಿಡಿಯುತ್ತದೆ. ದಾದಿಯಾದರೋ ನಿನ್ನೆ ಮಾಡಿದುದನ್ನೇ ಇಂದೂ ಮಾಡುವವಳು. ಮಹಾಮಾರಿಯ ಕಾಲದಲ್ಲಿ ರೋಗಿ ಬದುಕುವುದಕ್ಕೂ ಸಾಯುವುದಕ್ಕೂ ನಡುವೆ ಈ ನಿತ್ಯಕರ್ಮಕ್ಕೆ ಎಷ್ಟು ಪಾಲಿದೆಯೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಶುಶ್ರೂಷೆಯ ವಿಚಾರವನ್ನು ಭಾರತೀಯರು ಇಂಗ್ಲಿಷರಿಂದಲೇ ಮೊದಲು ಕಲಿತರೆಂಬ ಭಾವನೆಯೊಂದು ಇದೆ. ಇದು ಅರ್ಧ ಮಾತ್ರ ಸತ್ಯ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಉಪಸ್ಥಾತೃ ಎಂದರೆ ಪರಿಚಾರಕ, ಮತ್ತು ರೋಗಿ. ಈ ನಾಲ್ವರಿಗೂ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿದೆ. ಪರಿಚಾರಕನಿಗೆ ಇರಬೇಕಾದವು ಉಪಚಾರಜ್ಞತೆ, ದಾಕ್ಷ್ಯ, ಅನುರಾಗ ಮತ್ತು ಶೌಚ. ಅಂದರೆ ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯಲ್ಲಿ ಪ್ರೀತಿ, ಮತ್ತು ಶುದ್ಧಿ. ಎಣಿಕೆಯಲ್ಲಿ ವೈದ್ಯನಿಗೂ ಪರಿಚಾರಕನಿಗೂ ಗುಣಗಳ ಸಂಖ್ಯೆ ಒಂದೇ ಎಂಬುದು ಗಮನಾರ್ಹ. ಆದರೆ ಈ ಗುಣಗಳನ್ನು ಕಲಿಸುವ ಶಾಲೆ, ಕಲಿತವರಿಗೆ ಸಂಬಳ, ಕೆಲಸಕ್ಕೆ ವೇಳಾಪಟ್ಟಿ ಇವು ಬಹುಕಾಲ ಏರ್ಪಡಲಿಲ್ಲ. ಅವು ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಫ್ಲಾರೆನ್ಸ್ ನೈಟಿಂಗೇಲಳು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆಯನ್ನು ತೆರೆದಳು. ಅದಕ್ಕೆ ಸ್ವಲ್ಪ ಮುಂಚೆ ಪ್ರಕಟವಾದ ಆಕೆಯ ಶುಶ್ರೂಷಾಗ್ರಂಥದಲ್ಲಿ ಗಾಳಿ, ಬೆಳಕು, ಸದ್ದು, ಹಾಸಿಗೆಗಳೊಡನೆ ಸಣ್ಣಪುಟ್ಟ ವ್ಯವಸ್ಥೆಯನ್ನು ಕುರಿತು ಒಂದು ಅಧ್ಯಾಯವೇ ಇದೆ. ಒಬ್ಬಳು ಇದ್ದಾಗ ನಡೆಯುವ ಕೆಲಸ ಆಕೆ ಇಲ್ಲದಾಗಲೂ ನಡೆಯುವಂತೆ ಏರ್ಪಡಿಸದಿದ್ದರೆ ಆಕೆ ಮಾಡಿದ ಒಳಿತೆಲ್ಲ ವ್ಯರ್ಥವೆಂಬುದು ಅದರ ತಾತ್ಪರ್ಯ. ಚರಕನ ಗುಣಗಳು ವ್ಯಕ್ತಿಗೆ ಸೇರಿದವು. ನೈಟಿಂಗೇಲಳು ಅವನ್ನು ವ್ಯವಸ್ಥೆಗೆ ಸೇರಿಸಿದಳು.

ಹಾಗಾದರೆ ಈ ದಿನಚರಿ ಎಂತಹದು? ವಯಸ್ಕ ರೋಗಿಗಳ ಸಾಮಾನ್ಯ ವಾರ್ಡೊಂದನ್ನು ತೆಗೆದುಕೊಳ್ಳಬಹುದು. ಬೆಳಗಿನ ಪಾಳಿಯ ದಾದಿಯು ಮೊದಲು ಮಾಡುವುದು ರಾತ್ರಿಯವಳಿಂದ ವಾರ್ಡನ್ನು ಒಪ್ಪಿಸಿಕೊಳ್ಳುವುದು. ಇಬ್ಬರೂ ಮಂಚದಿಂದ ಮಂಚಕ್ಕೆ ನಡೆದು, ಯಾರಿಗೆ ಜ್ವರ ಏರಿತು, ಯಾರು ನಿದ್ರೆ ಮಾಡಲಿಲ್ಲ, ಯಾರ ಔಷಧ ಬದಲಾಯಿತು ಎಂಬುದನ್ನು ಒಬ್ಬಳು ಹೇಳುವಳು, ಇನ್ನೊಬ್ಬಳು ಬರೆದುಕೊಳ್ಳುವಳು. ಅನಂತರ ತಾಪ, ನಾಡಿ, ಉಸಿರುಗಳ ಎಣಿಕೆ. ಆರೋಗ್ಯವಂತನಾದ ವಯಸ್ಕನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ. ತನ್ನ ಉಸಿರನ್ನು ಎಣಿಸುತ್ತಿರುವರೆಂದು ತಿಳಿದರೆ ರೋಗಿಯ ಉಸಿರಿನ ಗತಿಯೇ ಬದಲಾಗುವುದರಿಂದ, ನಾಡಿಯನ್ನು ಹಿಡಿದಿರುವ ನೆವದಲ್ಲಿಯೇ ಎದೆಯ ಏರಿಳಿತವನ್ನು ಎಣಿಸಬೇಕು. ಹಾಸಿಗೆಯನ್ನು ಸುಕ್ಕಿಲ್ಲದಂತೆ ಹಾಸುವುದು, ಏಳಲಾರದವರ ಮೈಯನ್ನು ಒರೆಸುವುದು, ಬಾಯನ್ನು ಶುದ್ಧಮಾಡುವುದು, ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಕುಡಿದ ನೀರನ್ನೂ ಹೋದ ಮೂತ್ರವನ್ನೂ ಅಳೆದು ಬರೆಯುವುದು, ಸರಿಯಾದ ರೋಗಿಗೆ ಸರಿಯಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ, ಸರಿಯಾದ ಮಾರ್ಗದಲ್ಲಿ, ಸರಿಯಾದ ಹೊತ್ತಿಗೆ ಕೊಡುವುದು, ಗಾಯಕ್ಕೆ ಕಟ್ಟು ಬದಲಾಯಿಸುವುದು, ಪರೀಕ್ಷೆಗೆ ರಕ್ತವನ್ನೂ ಕಫವನ್ನೂ ಕಳುಹಿಸುವುದು, ವೈದ್ಯನು ಬಂದಾಗ ಮೇಲಿನದೆಲ್ಲವನ್ನೂ ಒಂದೇ ನೋಟಕ್ಕೆ ದೊರೆಯುವಂತೆ ಇಟ್ಟಿರುವುದು, ಸತ್ತವರ ದೇಹವನ್ನು ಮರ್ಯಾದೆಯಿಂದ ಅಣಿಮಾಡಿ ಬಂಧುಗಳಿಗೆ ಒಪ್ಪಿಸುವುದು, ಇವೆಲ್ಲ ಆಕೆಯ ಪಾಲಿಗೆ ಬರುತ್ತವೆ. ಒಬ್ಬ ರೋಗಿಯನ್ನು ಮುಟ್ಟಿದ ಮೇಲೆ, ಇನ್ನೊಬ್ಬನನ್ನು ಮುಟ್ಟುವ ಮುನ್ನ, ಕೈ ತೊಳೆಯುವುದು ಇವೆಲ್ಲದರ ನಡುವೆ ದಾರದಂತೆ ಓಡುತ್ತದೆ.

ಇಲ್ಲಿ ಒಂದು ಶಬ್ದವನ್ನು ವಿಚಾರಿಸುವುದು ಉಚಿತ. ಕನ್ನಡದಲ್ಲಿ ದಾದಿ ಎಂದರೆ ಮೊದಲು ಎಳೆಯ ಮಕ್ಕಳನ್ನು ಸಾಕುವವಳು. ಅದೇ ಹೆಸರು ಆಮೇಲೆ ಆಸ್ಪತ್ರೆಯ ಶುಶ್ರೂಷಕಿಗೆ ಬಂತು. ಆದರೆ ಮಗುವಿನ ಸೇವೆಗೂ ವಯಸ್ಕನ ಸೇವೆಗೂ ಮುಖ್ಯವಾದ ಭೇದವಿದೆ. ಮಗುವಿಗೆ ನಾಚಿಕೆಯಿಲ್ಲ, ವಯಸ್ಕನಿಗೆ ಇದೆ. ನಿನ್ನೆಯವರೆಗೆ ಒಂದು ಸಂಸಾರವನ್ನು ಹೊತ್ತಿದ್ದವನು ಇಂದು ಮಲಮೂತ್ರಗಳಿಗೂ ಪರರ ಕೈಯನ್ನು ಕಾಯಬೇಕಾದಾಗ ರೋಗಕ್ಕಿಂತ ಮಿಗಿಲಾದ ಸಂಕಟಪಡುತ್ತಾನೆ. ಅವನನ್ನು ಮಗುವನ್ನಾಗಿ ಮಾಡದೆ ಮಗುವಿಗೆ ಮಾಡುವ ಸೇವೆಯನ್ನು ಮಾಡುವುದು ವಯಸ್ಕರ ವಾರ್ಡಿನ ದಾದಿಗೆ ಬೇಕಾದ ದಾಕ್ಷ್ಯ. ಈ ನಾಚಿಕೆ ಮತ್ತು ಭಯಗಳೇ ಪ್ಲೇಗಿನ ಚರಿತ್ರೆಯಲ್ಲಿ ಎರಡು ಸಲ ದೊಡ್ಡ ಪ್ರಶ್ನೆಗಳಾಗಿ ಎದುರು ನಿಂತವು.

3

ಸೂರತ್ತಿಗೆ ಪ್ಲೇಗು ಹಳೆಯ ಅತಿಥಿ. 1689ರಲ್ಲಿ ಅಲ್ಲಿಗೆ ಬಂದ ಓವಿಂಗ್ಟನ್ ಎಂಬ ಇಂಗ್ಲಿಷ್ ಪಾದ್ರಿಯು ಆ ನಗರವನ್ನು ವರ್ಷಗಟ್ಟಲೆ ಕಾಡಿದ ಮಾರಿಯನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಆದರೆ ಆಧುನಿಕ ಭಾರತದ ಪ್ಲೇಗಿನ ಕಥೆ ಆರಂಭವಾಗುವುದು 1896ರ ಸೆಪ್ಟೆಂಬರಿನ ಮುಂಬಯಿಯಲ್ಲಿ. ಮಾಂಡ್ವಿಯ ಬಂದರುಗೇರಿಯಲ್ಲಿ ಡಾಕ್ಟರ್ ಅಕಾಸಿಯೋ ವಿಯೇಗಾಸ್ ಅದನ್ನು ಗುರುತಿಸಿದರು. ಅಲ್ಲಿಂದ ರೋಗವು ಗುಜರಾತಿಗೂ ಪುಣೆಗೂ, 1898ರಲ್ಲಿ ಹುಬ್ಬಳ್ಳಿ ಧಾರವಾಡಗಳಿಗೂ, ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೂ ಹಬ್ಬಿತು.

ಆ ಕಾಲದ ವೈದ್ಯರಲ್ಲಿ ಪ್ಲೇಗಿಗೆ ಔಷಧವಿರಲಿಲ್ಲ. ರೋಗಾಣುವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಇಲಿಯ ಚಿಗಟವೇ ವಾಹಕವೆಂಬುದನ್ನು ಸೀಮೋನ್ 1898ರಲ್ಲಿ ತೋರಿಸಿದನಾದರೂ ಪಂಡಿತರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷಗಳು ಹಿಡಿದವು. ಹಾಫ್ಕಿನ್ನನು 1897ರಲ್ಲಿ ಸಿದ್ಧಪಡಿಸಿದ ಲಸಿಕೆಯು ರೋಗ ಬಾರದಂತೆ ತಡೆಯಲು ನೆರವಾಗುತ್ತಿತ್ತೇ ಹೊರತು ಬಂದ ರೋಗವನ್ನು ಕಳೆಯುತ್ತಿರಲಿಲ್ಲ. ಹೀಗಿರಲು ಪ್ಲೇಗಿನ ಆಸ್ಪತ್ರೆಗೆ ಬಂದವನಿಗೆ ದೊರೆಯಬಹುದಾಗಿದ್ದುದು ಬಹುಪಾಲು ಶುಶ್ರೂಷೆಯೊಂದೇ: ನೀರು, ಶುಭ್ರವಾದ ಹಾಸಿಗೆ, ಸನ್ನಿಯಲ್ಲಿ ಎದ್ದು ಓಡದಂತೆ ಕಾವಲು, ಗಡ್ಡೆಗೆ ಕಟ್ಟು, ಒಂದು ಸಮಾಧಾನದ ಮಾತು. ಅದನ್ನು ಕೊಡಬಲ್ಲ, ಶಿಕ್ಷಣ ಪಡೆದ ದೇಶೀಯ ದಾದಿಯರು ಬೆರಳೆಣಿಕೆಯಷ್ಟು. ಇಂಗ್ಲೆಂಡಿನಿಂದ ದಾದಿಯರನ್ನು ಕರೆಸಿದರು; ಅವರಿಗೆ ಜನರ ಭಾಷೆ ಬಾರದು, ಜನರಿಗೆ ಅವರಲ್ಲಿ ನಂಬಿಕೆಯಿಲ್ಲ.

ಆ ಅಪನಂಬಿಕೆ ಎಷ್ಟರಮಟ್ಟಿನದೆಂಬುದನ್ನು 1897ರ ಪುಣೆ ತೋರಿಸಿತು. ಸಾಂಕ್ರಾಮಿಕ ರೋಗಗಳ ಕಾಯಿದೆ ಅದೇ ವರ್ಷ ಬಂದಿತ್ತು. ಮನೆಗಳನ್ನು ಹೊಕ್ಕು ಶೋಧಿಸುವ ಸಿಪಾಯಿಗಳಿಗೆ ಹೆದರಿ ಜನರು ರೋಗಿಗಳನ್ನು ಬಚ್ಚಿಟ್ಟರು. ಪ್ಲೇಗ್ ಅಧಿಕಾರಿ ರ್ಯಾಂಡನ ಮೇಲೆ ಜೂನ್ 22ರಂದು ಗುಂಡು ಹಾರಿತು. ಇದೇ ಪುಣೆಯಲ್ಲಿ, ಇದಕ್ಕೆ ಮೂರು ತಿಂಗಳ ಹಿಂದೆ, ಸಾವಿತ್ರೀಬಾಯಿ ಫುಲೆಯವರು ಪ್ಲೇಗಿನಿಂದಲೇ ತೀರಿಕೊಂಡಿದ್ದರು. ಅವರ ದತ್ತುಪುತ್ರ ಡಾಕ್ಟರ್ ಯಶವಂತರು ಊರ ಹೊರಗೆ ನಡೆಸುತ್ತಿದ್ದ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಒಯ್ದು ಉಪಚರಿಸುತ್ತಿದ್ದಾಗ ರೋಗ ತಗುಲಿ 1897ರ ಮಾರ್ಚ್ 10ರಂದು ಅವರು ಮೃತರಾದರು. ಸಿಪಾಯಿಯನ್ನು ಕಂಡು ಬಾಗಿಲನ್ನು ಮುಚ್ಚಿದ ಊರು ಈಕೆಗೆ ಬಾಗಿಲನ್ನು ತೆರೆಯಿತು. ಕಾರಣ ಸ್ಪಷ್ಟವಾಗಿದೆ. ಒಬ್ಬನು ರೋಗವನ್ನು ಹಿಡಿಯಲು ಬಂದನು. ಇನ್ನೊಬ್ಬರು ರೋಗಿಯನ್ನು ಎತ್ತಲು ಬಂದರು. ಚರಕನು ಹೇಳಿದ ಅನುರಾಗವೆಂಬುದು ಅಲಂಕಾರದ ಮಾತಲ್ಲ, ಚಿಕಿತ್ಸೆಯ ಒಂದು ಸಾಧನವೆಂಬುದು ಇದರಿಂದ ತಿಳಿಯುತ್ತದೆ. ಮುಂಬಯಿಯಲ್ಲಿ ಹಿಂದುಗಳೂ ಜೈನರೂ ಪಾರಸಿಗಳೂ ಖೋಜರೂ ತಮ್ಮ ತಮ್ಮ ಜನಕ್ಕೆ ಪ್ರತ್ಯೇಕ ಪ್ಲೇಗಿನ ಆಸ್ಪತ್ರೆಗಳನ್ನು ತೆರೆದುದಕ್ಕೂ ಇದೇ ಕಾರಣ. ನಂಬಿದ ಕೈಯಿಂದಲ್ಲದೆ ಜನರು ನೀರನ್ನೂ ಕುಡಿಯಲೊಲ್ಲರು.

ಕನ್ನಡ ನಾಡಿನಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಬೆಂಗಳೂರಿನಲ್ಲಿ ಪ್ಲೇಗು ಬಂದ ಮೇಲೆ ಬಸವನಗುಡಿ ಮತ್ತು ಮಲ್ಲೇಶ್ವರದ ಬಡಾವಣೆಗಳು ಬೆಳೆದವು. 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆಯು 1900ರ ಡಿಸೆಂಬರಿನಲ್ಲಿ ತೆರೆಯಿತು. ಹಳ್ಳಿಗಳವರು ಇಲಿ ಬಿದ್ದೊಡನೆಯೇ ಊರನ್ನು ಬಿಟ್ಟು ಹೊಲದಲ್ಲಿ ಗುಡಿಸಲುಗಳನ್ನು ಹಾಕಿಕೊಂಡರು. ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಆ ಗುಡಿಸಲುಗಳಲ್ಲಿ ತಾಯಿಯೋ ಹೆಂಡತಿಯೋ ಅತ್ತಿಗೆಯೋ ದಾದಿಯಾದಳು. ಅನುರಾಗವು ಬೇಕಾದಷ್ಟಿತ್ತು, ಉಪಚಾರಜ್ಞತೆಯೂ ಆಧುನಿಕ ಅರ್ಥದ ಶೌಚವೂ ಆಕೆಗೆ ಯಾರಿಂದಲೂ ದೊರೆತಿರಲಿಲ್ಲ. ಆದುದರಿಂದ ಒಂದೇ ಮನೆಯಲ್ಲಿ ರೋಗಿಯ ಹಿಂದೆಯೇ ಉಪಚರಿಸಿದವರೂ ಹೋದ ಸಂಗತಿಗಳು ಹಳೆಯ ತಲೆಮಾರಿನ ನೆನಪಿನಲ್ಲಿ ಉಳಿದಿವೆ.

4

ಈ ಹಿನ್ನೆಲೆಯಲ್ಲಿ 1994ರ ಸಂಗತಿಯನ್ನು ನೋಡಬೇಕು. ಹಿಂದಿನ ವರ್ಷದ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರು ಪ್ರಾಂತದಲ್ಲಿ ಭೂಕಂಪವಾಗಿತ್ತು. 1994ರ ಆಗಸ್ಟಿನಲ್ಲಿ ಬೀಡ್ ಜಿಲ್ಲೆಯ ಮಾಮಲಾ ಗ್ರಾಮದಲ್ಲಿ ಇಲಿಗಳು ಬಿದ್ದವು. ಗಡ್ಡೆಯ ಪ್ಲೇಗಿನ ಸುದ್ದಿ ಬಂತು. ಸೆಪ್ಟೆಂಬರಿನಲ್ಲಿ ತಾಪಿ ನದಿಯ ನೆರೆ ಸೂರತ್ತಿನ ತಗ್ಗಿನ ಪ್ರದೇಶಗಳಿಗೆ ನುಗ್ಗಿ, ಇಳಿದಾಗ ಕೆಸರನ್ನೂ ಸತ್ತ ಪ್ರಾಣಿಗಳನ್ನೂ ಬಿಟ್ಟುಹೋಯಿತು. ಗಣೇಶ ವಿಸರ್ಜನೆಯ ಮೆರವಣಿಗೆಗಳಲ್ಲಿ ಊರೆಲ್ಲ ಸೇರಿತ್ತು. ಅದಾದ ಎರಡು ಮೂರು ದಿನಗಳಲ್ಲಿಯೇ ವೇಡ್ ರಸ್ತೆ ಮತ್ತು ಕತಾರ್‌ಗಾಮಿನ ಕಡೆಯಿಂದ ತೀವ್ರವಾದ ಜ್ವರ, ಎದೆನೋವು, ರಕ್ತಮಿಶ್ರಿತ ಕಫಗಳಿಂದ ನರಳುವ ವಯಸ್ಕರು ಆಸ್ಪತ್ರೆಗೆ ಬರತೊಡಗಿದರು. ಕೆಲವರು ಬಂದ ದಿನವೇ ಸತ್ತರು.

ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನರು ಊರು ಬಿಟ್ಟರು. ಟೆಟ್ರಾಸೈಕ್ಲಿನ್ ಗುಳಿಗೆ ಅಂಗಡಿಗಳಿಂದ ಮಾಯವಾಯಿತು. ಖಾಸಗಿ ವೈದ್ಯರಲ್ಲಿಯೂ ಅನೇಕರು ಬಾಗಿಲು ಮುಚ್ಚಿ ಹೊರಟರೆಂಬುದು ಆಗ ಬಹುವಾಗಿ ಚರ್ಚೆಗೆ ಬಂದ ವಿಷಯ. ರೋಗಿಗಳಿಗೆ ಮುಖ್ಯವಾಗಿ ಆಸರೆಯಾದುದು ಸರ್ಕಾರದ ಹೊಸ ಸಿವಿಲ್ ಆಸ್ಪತ್ರೆ. ಅಲ್ಲಿಂದಲೂ ರೋಗಿಗಳು ಓಡಿಹೋಗುತ್ತಿದ್ದರಾದುದರಿಂದ ಆಸ್ಪತ್ರೆಗೆ ಕಾವಲನ್ನು ಹಾಕಬೇಕಾಯಿತು. ತೊಂಬತ್ತೇಳು ವರ್ಷಗಳ ಹಿಂದಿನ ಪುಣೆಯ ಪ್ರಶ್ನೆಯೇ ಮತ್ತೊಮ್ಮೆ ಎದುರಾಯಿತು: ಹೆದರಿದ ವಯಸ್ಕನನ್ನು ಹಾಸಿಗೆಯಲ್ಲಿ ನಿಲ್ಲಿಸುವವರು ಯಾರು? ಕಾವಲುಗಾರನು ಬಾಗಿಲನ್ನು ಕಾಯಬಲ್ಲನು. ಬಾಗಿಲಿನ ಒಳಗೆ ರೋಗಿಯೊಡನೆ ಇರಬೇಕಾದವಳು ದಾದಿಯೇ.

ಈ ಸಲ ಔಷಧವಿತ್ತು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಇವು ಪ್ಲೇಗಿನ ರೋಗಾಣುವನ್ನು ಕೊಲ್ಲಬಲ್ಲವು ಅಥವಾ ತಡೆಯಬಲ್ಲವು. ಹಾಗಾದರೆ ಶುಶ್ರೂಷೆಯ ಪ್ರಾಮುಖ್ಯ ಕಡಮೆಯಾಯಿತೇ? ರೋಗದ ಸ್ವಭಾವವನ್ನು ತಿಳಿದವರು ಹಾಗೆ ಹೇಳಲಾರರು. ಶ್ವಾಸಕೋಶದ ಪ್ಲೇಗು ಚಿಕಿತ್ಸೆಯಿಲ್ಲದಿದ್ದರೆ ಬಹುತೇಕ ಎಲ್ಲರನ್ನೂ ಕೊಲ್ಲುತ್ತದೆ; ಲಕ್ಷಣ ಕಂಡ ಒಂದು ದಿನದೊಳಗೆ ಔಷಧವು ಆರಂಭವಾಗಬೇಕು. ಆರಂಭವಾದುದು ಹೊತ್ತು ತಪ್ಪದೆ ನಡೆಯಬೇಕು: ಸ್ಟ್ರೆಪ್ಟೊಮೈಸಿನ್ನಿನ ಚುಚ್ಚುಮದ್ದು ದಿನಕ್ಕೆ ಎರಡು ಸಲ, ಟೆಟ್ರಾಸೈಕ್ಲಿನ್ ಆರು ಗಂಟೆಗೊಮ್ಮೆ. ವೈದ್ಯನು ಚೀಟಿಯಲ್ಲಿ ಔಷಧವನ್ನು ಬರೆಯುವುದು ಒಂದು ನಿಮಿಷದ ಕೆಲಸ. ರಾತ್ರಿ ಎರಡು ಗಂಟೆಗೆ ನಿದ್ರೆಯಲ್ಲೋ ಸನ್ನಿಯಲ್ಲೋ ಇರುವವನನ್ನು ಎಬ್ಬಿಸಿ, ಕೂರಿಸಿ, ಗುಳಿಗೆಯನ್ನು ನುಂಗಿಸಿ, ವಾಂತಿಯಾಯಿತೇ ಎಂದು ನೋಡಿ, ಪಟ್ಟಿಯಲ್ಲಿ ಗುರುತು ಹಾಕುವುದು ಹಲವು ದಿನಗಳ ಕೆಲಸ. ಔಷಧದ ಗುಣವು ಸೀಸೆಯಲ್ಲಿದ್ದರೂ ಅದು ಫಲಿಸುವುದು ಈ ಗುರುತುಗಳ ಸಾಲಿನಲ್ಲಿ.

ಎರಡನೆಯದು ಉಸಿರಿನ ಎಣಿಕೆ. ಈ ರೋಗದಲ್ಲಿ ಕೇಡು ಮೊದಲು ಕಾಣುವುದು ಅಲ್ಲಿಯೇ. ನಿಮಿಷಕ್ಕೆ 24 ಇದ್ದ ಉಸಿರು ಒಂದು ಪಾಳಿಯಲ್ಲಿ 36ಕ್ಕೆ ಏರಿದರೆ ಆಮ್ಲಜನಕ ಬೇಕು, ವೈದ್ಯನನ್ನು ಕರೆಯಬೇಕು. ಹಿಂದಿನ ಪಾಳಿಯವಳು 24 ಎಂದು ಬರೆದಿರದಿದ್ದರೆ 36ರ ಅರ್ಥವೇ ತಿಳಿಯದು. ಮೂರನೆಯದು ಶೌಚ. ರೋಗಿಯ ಕೆಮ್ಮಿನ ತುಂತುರುಗಳಿಂದ ಈ ಪ್ಲೇಗು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತದೆ. ಸರಿಯಾದ ಔಷಧ ಆರಂಭವಾಗಿ ಎರಡು ದಿನಗಳಾಗುವವರೆಗೆ ರೋಗಿಯನ್ನು ಪ್ರತ್ಯೇಕವಾಗಿಡಬೇಕು. ಅವನ ಬಾಯಿಗೆ ಬಟ್ಟೆ, ಆಕೆಯ ಮುಖಕ್ಕೆ ಮುಸುಕು, ಕೈಗೆ ಗವಸು, ಕಫದ ಬಟ್ಟಲಿಗೆ ಕ್ರಿಮಿನಾಶಕ, ಹಾಸಿಗೆಯ ಬಟ್ಟೆಗೆ ಬೇರೆ ಬುಟ್ಟಿ, ಪ್ರತಿಸಲವೂ ಕೈ ತೊಳೆತ. ಸಾಮಾನ್ಯ ದಿನಗಳಲ್ಲಿ ಬೇಸರ ಹುಟ್ಟಿಸುವ ಈ ಕಟ್ಟಳೆಗಳೇ ಆ ದಿನಗಳಲ್ಲಿ ಆಕೆಗೂ ವಾರ್ಡಿನ ಇತರರಿಗೂ ರಕ್ಷೆ. ಆಪತ್ತು ಬಂದ ದಿನ ಇವನ್ನು ಕಲಿಯುವುದು ಸಾಧ್ಯವಿಲ್ಲ. ಕೈಗೆ ರೂಢಿಯಾಗಿದ್ದವು ಮಾತ್ರವೇ ಭಯದ ನಡುವೆ ತಪ್ಪದೆ ನಡೆಯುತ್ತವೆ.

ಆಗಸ್ಟಿನ ಕೊನೆಯಿಂದ ಅಕ್ಟೋಬರಿನ ಮೊದಲವರೆಗೆ ಇಡೀ ದೇಶದಲ್ಲಿ ಪ್ಲೇಗೆಂದು ಶಂಕಿಸಿ, ರಕ್ತಪರೀಕ್ಷೆಯಲ್ಲಿ ಅದರ ಕುರುಹು ಕಂಡ ರೋಗಿಗಳು 693 ಎಂದೂ ಮೃತರಾದವರು 50ಕ್ಕೂ ಮೇಲ್ಪಟ್ಟವರೆಂದೂ ಎಣಿಸಲಾಯಿತು. ಇದು ಪ್ಲೇಗು ಹೌದೇ ಅಲ್ಲವೇ ಎಂಬ ವಾದವೂ ನಡೆಯಿತು. ಡಾಕ್ಟರ್ ವಿ. ರಾಮಲಿಂಗಸ್ವಾಮಿಯವರ ಅಧ್ಯಕ್ಷತೆಯ ಸಮಿತಿಯು ಪ್ಲೇಗೇ ಎಂದು ನಿರ್ಣಯಿಸಿತು. ರೋಗಾಣುವಿನ ತಳಿಯನ್ನು ಕುರಿತ ಅನಂತರದ ಪರೀಕ್ಷೆಗಳೂ ಅದನ್ನು ಸಮರ್ಥಿಸಿದವು. ಒಂದು ಶತಮಾನದ ಹಿಂದಿನ ಸಾವಿನ ಸಂಖ್ಯೆಗಳೊಡನೆ ಹೋಲಿಸಿದರೆ ಈ ಸಂಖ್ಯೆ ಅತ್ಯಲ್ಪ. ಔಷಧ, ಬೇಗ ಗುರುತಿಸಿದುದು, ರೋಗದ ಹರವೇ ಚಿಕ್ಕದಾಗಿದ್ದುದು ಇವು ಕಾರಣಗಳು. ಔಷಧವನ್ನು ಹೊತ್ತಿಗೆ ಸರಿಯಾಗಿ ರೋಗಿಯ ಹೊಟ್ಟೆಗೆ ತಲುಪಿಸಿದ ಕೈಗಳನ್ನೂ ಈ ಪಟ್ಟಿಯಲ್ಲಿ ಸೇರಿಸುವುದು ನ್ಯಾಯ.

5

ಆಮೇಲಿನ ಕಥೆ ಪ್ರಸಿದ್ಧವಾಗಿದೆ. 1995ರಲ್ಲಿ ನಗರಸಭೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರು ಕಸ, ಚರಂಡಿ, ಅತಿಕ್ರಮಣಗಳ ಮೇಲೆ ದಂಡೆತ್ತಿದರು. ಒಂದೆರಡು ವರ್ಷಗಳಲ್ಲಿಯೇ ಸೂರತ್ತು ದೇಶದ ಶುಭ್ರನಗರಗಳ ಸಾಲಿಗೆ ಬಂತು. ಅವರ ಸಾಧನೆಯೂ ಅಂತರಂಗದಲ್ಲಿ ದಿನಚರಿಯ ಸಾಧನೆಯೇ: ಅಧಿಕಾರಿಗಳು ದಿನವೂ ಬೀದಿಗಿಳಿಯುವುದು, ದಿನವೂ ಗುಡಿಸುವುದು, ದಿನವೂ ಜ್ವರದ ಲೆಕ್ಕವನ್ನು ತರಿಸುವುದು. ವಾರ್ಡಿನೊಳಗೆ ದಾದಿಯು ಮಾಡುತ್ತಿದ್ದುದನ್ನೇ ನಗರಸಭೆಯು ಊರಿಗೆ ಮಾಡಿತೆಂದರೆ ಅತಿಶಯೋಕ್ತಿಯಾಗದು. ಬೀದಿಯ ಶೌಚಕ್ಕೆ ಕೀರ್ತಿ ದೊರೆಯಿತು. ಹಾಸಿಗೆಯ ಪಕ್ಕದ ಶೌಚಕ್ಕೆ ಅಷ್ಟು ದೊರೆಯಲಿಲ್ಲ.

ಇದರಿಂದ ಕೇವಲ ಕೀರ್ತಿಯ ನಷ್ಟವಾದರೆ ಚಿಂತೆಯಿಲ್ಲ. ಲೆಕ್ಕದಲ್ಲಿ ಕಾಣದುದಕ್ಕೆ ಹಣ ಮಂಜೂರಾಗುವುದಿಲ್ಲವೆಂಬುದೇ ನಿಜವಾದ ತೊಡಕು. 1946ರಲ್ಲಿ ಭೋರ್ ಸಮಿತಿಯು ದೇಶದಲ್ಲಿ ಸುಮಾರು 7,000 ದಾದಿಯರಿರುವರೆಂದೂ, 43,000 ಜನಕ್ಕೆ ಒಬ್ಬಳು ಬರುವಳೆಂದೂ ತೋರಿಸಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆಯು ಬಂದು ಶಿಕ್ಷಣಕ್ಕೆ ಒಂದು ಮಟ್ಟ ಏರ್ಪಟ್ಟಿತು. ಅಂದಿನಿಂದ ಸಂಖ್ಯೆ ಬಹಳ ಬೆಳೆದಿದೆ. ಕರ್ನಾಟಕದ ಶುಶ್ರೂಷಾ ಕಾಲೇಜುಗಳಲ್ಲಿ ಕಲಿತವರು ದೇಶದ ನಾನಾ ಭಾಗಗಳಲ್ಲಿಯೂ ಹೊರದೇಶಗಳಲ್ಲಿಯೂ ಕೆಲಸದಲ್ಲಿದ್ದಾರೆ. ಗಂಡಸರೂ ಈ ವೃತ್ತಿಗೆ ಬಂದಿದ್ದಾರೆ. ಆದರೂ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ಎಂಬ ಪರಿಷತ್ತಿನ ನಿಯಮವು ಅನೇಕ ಕಡೆ ಕಾಗದದಲ್ಲಿಯೇ ಉಳಿದಿದೆ. ಮೂವತ್ತು ಮಂಚಗಳ ವಾರ್ಡಿಗೆ ರಾತ್ರಿ ಒಬ್ಬಳೇ ಇದ್ದರೆ ಉಸಿರನ್ನು ಎಣಿಸುವುದಕ್ಕೆ ಹೊತ್ತೆಲ್ಲಿ? ಎಣಿಸದೆ ಬರೆದ ಅಂಕಿಯು ಸುಳ್ಳು ಜಮೆಯಂತೆ. ತೋರಿಕೆಗೆ ಲೆಕ್ಕ ಸರಿಹೋಗುತ್ತದೆ, ಬೇಕಾದ ದಿನ ಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ.

2020ನೆಯ ವರ್ಷವನ್ನು, ನೈಟಿಂಗೇಲಳು ಹುಟ್ಟಿ 200 ವರ್ಷಗಳಾದ ಕಾರಣ, ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಅದೇ ವರ್ಷ ಕೋವಿಡ್ ರೋಗವು ಲೋಕವನ್ನೆಲ್ಲ ಆವರಿಸಿತು. ಜನರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸಲ್ಲತಕ್ಕದ್ದೇ, ಆದರೆ ಅದು ಅಸಾಧಾರಣವಾದ ತ್ಯಾಗಕ್ಕೆ ಸಂದ ಗೌರವ. ಪುಣೆ, ಬೆಂಗಳೂರು, ಕತಾರ್‌ಗಾಮ್ ಇವುಗಳ ಅನುಭವವು ಹೇಳುವುದು ಬೇರೊಂದನ್ನು. ಮಹಾಮಾರಿಯ ದಿನ ದಾದಿಯು ಮಾಡುವುದು ಸಾಧಾರಣ ದಿನದ ಕೆಲಸವನ್ನೇ. ಅದು ಆ ದಿನ ನಡೆಯಬೇಕಾದರೆ ಉಳಿದ ದಿನಗಳಲ್ಲಿಯೂ ನಡೆದಿರಬೇಕು; ನಡೆಯುವುದಕ್ಕೆ ಬೇಕಾದಷ್ಟು ಜನರೂ, ನೀರೂ, ಗವಸೂ, ಸಂಬಳವೂ ಇದ್ದಿರಬೇಕು. ಆಸ್ಪತ್ರೆಗಳ ವರದಿಗಳನ್ನು ಬರೆಯುವವರೂ, ಅವುಗಳಿಗೆ ಹಣ ಒದಗಿಸುವವರೂ, ಊರುಗಳ ಚರಿತ್ರೆಯನ್ನು ರಚಿಸುವವರೂ ವಾರ್ಡಿನ ಪಾಳಿಯ ಪುಸ್ತಕವನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ಅದರಲ್ಲಿ ತಾಪ, ನಾಡಿ, ಉಸಿರು ಎಂಬ ಮೂರು ಅಂಕಣಗಳೂ, ಒಪ್ಪಿಸಿದವರ ಮತ್ತು ಒಪ್ಪಿಸಿಕೊಂಡವರ ಸಹಿಗಳೂ ಇರುತ್ತವೆ. ಮಹಾಮಾರಿಯ ಚರಿತ್ರೆಗೆ ಅದೂ ಒಂದು ಆಧಾರ.